ಬಾರದ ಶತ್ರುವಿಗೆ ಕಟ್ಟಿದ ಕೋಟೆ

ಮೆಲ್ಬರ್ನಿಗೆ ಹೋದ ನೆಂಟರನ್ನು ಅಲ್ಲಿ ನೆಲೆಸಿದ ಕನ್ನಡಿಗರು ವಾರಾಂತ್ಯಕ್ಕೆ ಪೋರ್ಟ್‌ಸೀ ಕಡೆಗೆ ಕರೆದೊಯ್ಯುವುದುಂಟು. ರಸ್ತೆ ಮುಗಿಯುವಲ್ಲಿ ನೇಪಿಯನ್ ಭೂಶಿರ. ಒಂದು ಮಗ್ಗುಲಿಗೆ ಕೊಲ್ಲಿಯ ಸೌಮ್ಯ ನೀರು, ಇನ್ನೊಂದು ಮಗ್ಗುಲಿಗೆ ಬಾಸ್ ಜಲಸಂಧಿಯ ಅಬ್ಬರ. ನಡುವಿನ ದಿಬ್ಬದೊಳಗೆ ಸುರಂಗಗಳು, ಮದ್ದಿನ ಕೋಣೆಗಳು, ತೋಪು ಕೂರಿಸಿದ್ದ ದುಂಡನೆಯ ಗುಂಡಿಗಳು. ಎಲ್ಲ ಸುತ್ತಿ ಹೊರಬಂದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಷ್ಟೆಲ್ಲ ಕಟ್ಟಿ ಯಾರಿಗೆ ಹೊಡೆದರು?

ಉತ್ತರ ಕೇಳಿದರೆ ನಗು ಬರುತ್ತದೆ. 1914ರಲ್ಲಿ ಒಂದು ಜರ್ಮನ್ ಸರಕು ಹಡಗಿನ ಮುಂದಕ್ಕೆ ಗುಂಡು ಹಾರಿಸಿದರು. 1939ರಲ್ಲಿ ಕತ್ತಲಲ್ಲಿ ಸರಿಯಾಗಿ ಗುರುತು ಹೇಳದ ತಮ್ಮದೇ ಒಂದು ಹಡಗಿನ ಮುಂದಕ್ಕೆ ಹಾರಿಸಿದರು. ಎರಡು ಸಲವೂ ಯಾರಿಗೂ ಗಾಯವಾಗಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿ, ಒಡೆದು, ಮತ್ತೆ ಕಟ್ಟಿದ ಈ ವ್ಯವಸ್ಥೆಯನ್ನು ಒಂದು ಯುದ್ಧನೌಕೆಯೂ ಪರೀಕ್ಷಿಸಲಿಲ್ಲ. ಹಾಗಾದರೆ ಹಣವೆಲ್ಲ ನೀರಿಗೆ ಹೋಯಿತೇ? ಹಾಗೆಂದು ತೀರ್ಪು ಕೊಡುವುದು ಸುಲಭ. ಆದರೆ ಲೆಕ್ಕದ ಪುಸ್ತಕವನ್ನು ಮೊದಲಿನಿಂದ ಓದಿದರೆ ಬೇರೆ ಸಂಗತಿ ಕಾಣುತ್ತದೆ. ಬ್ರಿಟಿಷರ ವಿಕ್ಟೋರಿಯಾ ವಸಾಹತು ಯಾವಾಗಲೂ ತಪ್ಪು ಶತ್ರುವಿಗೆ ಹೆದರಿತು, ಆದರೆ ಕೊನೆಗೂ ಸರಿಯಾದ ಜಾಗದಲ್ಲಿ ಕೋಟೆ ಕಟ್ಟಿತು.

ಮೊದಲು ಆ ಜಾಗ ಹೇಗಿದೆ ಎಂದು ನೋಡಬೇಕು. ಪೋರ್ಟ್ ಫಿಲಿಪ್ ಕೊಲ್ಲಿ ಎಂದರೆ ಸುಮಾರು 1,930 ಚದರ ಕಿಲೋಮೀಟರ್ ನೀರು. ಅಷ್ಟಕ್ಕೂ ಕಡಲ ಕಡೆಗೆ ಇರುವುದು ಒಂದೇ ಬಾಯಿ. ಪಶ್ಚಿಮದ ಲಾನ್ಸ್‌ಡೇಲ್ ಭೂಶಿರಕ್ಕೂ ಪೂರ್ವದ ನೇಪಿಯನ್ ಭೂಶಿರಕ್ಕೂ ನಡುವೆ ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಎರಡೂ ಕಡೆಯಿಂದ ಬಂಡೆಗಳು ನೀರಿನಡಿ ಚಾಚಿಕೊಂಡಿರುವುದರಿಂದ ದೊಡ್ಡ ಹಡಗು ಧೈರ್ಯವಾಗಿ ನುಗ್ಗಬಹುದಾದ ದಾರಿ ಒಂದು ಕಿಲೋಮೀಟರಿನಷ್ಟು ಮಾತ್ರ. ಅಲ್ಲಿನವರು ಈ ಜಾಗವನ್ನು 'ರಿಪ್' ಎನ್ನುತ್ತಾರೆ. ಉಬ್ಬರ ಇಳಿತದ ಹೊತ್ತಿಗೆ ಇಡೀ ಕೊಲ್ಲಿಯ ನೀರು ಆ ಕಿರುಬಾಯಲ್ಲಿ ನುಗ್ಗಾಡುತ್ತದೆ. ಗಂಗೊಳ್ಳಿಯ ಅಥವಾ ತದಡಿಯ ಅಳಿವೆಬಾಗಿಲಲ್ಲಿ ದೋಣಿ ದಾಟಿಸಿದವರಿಗೆ ಆ ಗುಂಡಿಗೆಯ ಬಡಿತ ಗೊತ್ತು. ಇಲ್ಲಿ ಅದರ ಹತ್ತು ಪಟ್ಟು. ಒಳಗೆ ಬಂದ ಮೇಲೂ ನಿಶ್ಚಿಂತೆಯಿಲ್ಲ. ಬಾಯಿಯ ಹಿಂದೆಯೇ ಮರಳದಿಣ್ಣೆಗಳು ಹರಡಿಕೊಂಡಿವೆ, ಹಡಗು ಸೌತ್ ಚಾನಲ್ ಅಥವಾ ವೆಸ್ಟ್ ಚಾನಲ್ ಎಂಬ ಓಣಿಯನ್ನೇ ಹಿಡಿಯಬೇಕು. ಮೆಲ್ಬರ್ನ್ ಇರುವುದು ಅಲ್ಲಿಂದ ಅರವತ್ತು ಕಿಲೋಮೀಟರಿನಷ್ಟು ಒಳಗೆ, ಕೊಲ್ಲಿಯ ಉತ್ತರ ತುದಿಯ ಹಾಬ್ಸನ್ಸ್ ಬೇಯಲ್ಲಿ. ಅರ್ಧ ಕೋಟೆಯನ್ನು ಪ್ರಕೃತಿಯೇ ಕಟ್ಟಿಕೊಟ್ಟಿತ್ತು. ಇದನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಜನರಿಗೆ ಕಾಲು ಶತಮಾನವೇ ಬೇಕಾಯಿತು.

ವಿಕ್ಟೋರಿಯಾ ಪ್ರತ್ಯೇಕ ವಸಾಹತಾದದ್ದು 1851ರಲ್ಲಿ. ಚಿನ್ನ ಸಿಕ್ಕಿದ್ದೂ ಅದೇ ವರ್ಷ. ಹತ್ತು ವರ್ಷದಲ್ಲಿ ಜನಸಂಖ್ಯೆ 77,000ದಿಂದ 5,40,000ಕ್ಕೆ ಏರಿತು. ಹೊಲ, ಹಟ್ಟಿ, ಕಚೇರಿ ಬಿಟ್ಟು ಎಲ್ಲರೂ ಗಣಿಗೆ ಓಡಿದರು. ನಾವಿಕರು ಹಡಗನ್ನೇ ಬಿಟ್ಟು ಓಡಿದರು. ಹಾಬ್ಸನ್ಸ್ ಬೇಯಲ್ಲಿ ಲಂಗರು ಹಾಕಿದ ಹಡಗುಗಳಲ್ಲಿ ಚಿನ್ನವಿತ್ತು, ಕಾಯುವ ಜನ ಇರಲಿಲ್ಲ. 1852ರ ಏಪ್ರಿಲ್‌ನಲ್ಲಿ ಕಳ್ಳರ ಗುಂಪೊಂದು ರಾತ್ರಿ ದೋಣಿಯಲ್ಲಿ ಹೋಗಿ 'ನೆಲ್ಸನ್' ಎಂಬ ಹಡಗನ್ನೇರಿತು, 8,000 ಔನ್ಸಿಗೂ ಹೆಚ್ಚು ಚಿನ್ನವನ್ನು ದೋಚಿಕೊಂಡು ಬಂದ ದಾರಿಯಲ್ಲೇ ಹೋಯಿತು. ಇದಕ್ಕಿಂತ ಸ್ಪಷ್ಟ ಎಚ್ಚರಿಕೆ ಬೇಕಿರಲಿಲ್ಲ. ದಡದಿಂದ ಹೊರಟ ಒಂದಿಷ್ಟು ಪುಂಡರು ಇಷ್ಟು ಮಾಡಬಲ್ಲರಾದರೆ ತೋಪು ಹೊತ್ತ ಒಂದು ವಿದೇಶಿ ಹಡಗು ಏನು ಮಾಡಲಿಕ್ಕಿಲ್ಲ?

ಕ್ರಿಮಿಯಾ ಯುದ್ಧ ಶುರುವಾದಾಗ ಈ ಭಯಕ್ಕೆ ರಷ್ಯಾ ಎಂಬ ಹೆಸರು ಸಿಕ್ಕಿತು. ವಸಾಹತು ತನ್ನದೇ ಹಣದಲ್ಲಿ 'ವಿಕ್ಟೋರಿಯಾ' ಎಂಬ ಸಶಸ್ತ್ರ ಹಡಗನ್ನು ಮಾಡಿಸಿತು. ಅದು ಬಂದು ಸೇರುವ ಹೊತ್ತಿಗೆ ಯುದ್ಧ ಮುಗಿದಿತ್ತು. ಆ ಹಡಗು ಸುಮ್ಮನೆ ನಿಲ್ಲಲಿಲ್ಲ ಎನ್ನಿ: 1860ರಲ್ಲಿ ನ್ಯೂಜಿಲೆಂಡಿನ ಮಾವೊರಿಗಳ ವಿರುದ್ಧದ ಯುದ್ಧಕ್ಕೆ ಹೋಯಿತು, ಮರುವರ್ಷ ಒಳನಾಡಿನಲ್ಲಿ ಕಾಣೆಯಾಗಿದ್ದ ಬರ್ಕ್ ಮತ್ತು ವಿಲ್ಸ್ ತಂಡವನ್ನು ಹುಡುಕುವ ಕೆಲಸಕ್ಕೂ ಹೋಯಿತು. ತೋಪುಗಳನ್ನು ಮಾತ್ರ ಊರ ಮುಂದೆಯೇ ಕೂರಿಸಿದರು: ವಿಲಿಯಮ್ಸ್‌ಟೌನ್, ಸ್ಯಾಂಡ್‌ರಿಜ್, ಸೇಂಟ್ ಕಿಲ್ಡಾ ದಡದಲ್ಲಿ. ಅಂದರೆ ಶತ್ರು ಬಾಯಿ ದಾಟಿ, ಓಣಿ ದಾಟಿ, ಅರವತ್ತು ಕಿಲೋಮೀಟರ್ ಬಂದು ನಗರದ ಎದುರು ನಿಂತ ಮೇಲೆ ಕಾಳಗ. ಕೊಲ್ಲಿಯ ಬಾಯಿಯಲ್ಲಿ, ಕ್ವೀನ್ಸ್‌ಕ್ಲಿಫ್‌ನ ದಿಣ್ಣೆಯ ಮೇಲೆ ಒಂದು ಸಣ್ಣ ಬ್ಯಾಟರಿ ಎದ್ದದ್ದು 1860ರ ದಶಕದ ಆರಂಭದಲ್ಲಿ.

ಅಷ್ಟರಲ್ಲಿ ಬಂತು ಶೆನಾಂಡೋವಾ. ಈ ಕಥೆಯನ್ನು ಬೇಗ ಹೇಳಿ ಮುಗಿಸುವುದು ತಪ್ಪಾಗುತ್ತದೆ, ಏಕೆಂದರೆ ಪೋರ್ಟ್ ಫಿಲಿಪ್‌ಗೆ ನಿಜವಾಗಿ ದುಬಾರಿಯಾದ ಭೇಟಿ ಅದೊಂದೇ. 1865ರ ಜನವರಿ 25ರಂದು ಅಮೆರಿಕದ ದಕ್ಷಿಣ ಒಕ್ಕೂಟದ ಬಾವುಟ ಹಾರಿಸಿಕೊಂಡು ಕ್ಯಾಪ್ಟನ್ ಜೇಮ್ಸ್ ವ್ಯಾಡೆಲ್‌ನ ಹಡಗು ಒಳಗೆ ಬಂತು. ಕೇಳಿದ್ದು ರಿಪೇರಿ. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ ತಟಸ್ಥ. ತಟಸ್ಥರ ಬಂದರಿನಲ್ಲಿ ಯುದ್ಧನೌಕೆ ಅಗತ್ಯವಾದಷ್ಟು ರಿಪೇರಿ ಮಾಡಿಕೊಂಡು ಹೊರಡಬಹುದು, ಬಲ ಹೆಚ್ಚಿಸಿಕೊಳ್ಳುವಂತಿಲ್ಲ. ಮೆಲ್ಬರ್ನ್ ಮಾಡಿದ್ದೇನು? ಸಾವಿರಾರು ಜನ ದೋಣಿ ಹತ್ತಿ ನೋಡಲು ಹೋದರು. ಗಣ್ಯರ ಕ್ಲಬ್ಬಿನಲ್ಲಿ ಅಧಿಕಾರಿಗಳಿಗೆ ಔತಣವಾಯಿತು, ಬಲ್ಲರಾಟಿನಲ್ಲಿ ನೃತ್ಯಕೂಟವಾಯಿತು. ಹಡಗಿನಲ್ಲಿ ಊರಿನ ಹುಡುಗರನ್ನು ಗುಟ್ಟಾಗಿ ಸೇರಿಸಿಕೊಂಡಿದ್ದಾರೆಂಬ ದೂರು ಬಂದಾಗ ಪೊಲೀಸರು ಹೋದರು; ವ್ಯಾಡೆಲ್ ಹತ್ತಿ ನೋಡಲು ಬಿಡಲಿಲ್ಲ. ಗವರ್ನರ್ ಚಾರ್ಲ್ಸ್ ಡಾರ್ಲಿಂಗ್ ರಿಪೇರಿ ನಿಲ್ಲಿಸಿ, ಮತ್ತೆ ಮುಂದುವರಿಯಲು ಬಿಟ್ಟ. ಫೆಬ್ರವರಿ 18ರಂದು ಹಡಗು ಹೊರಟಾಗ ಮೆಲ್ಬರ್ನಿನಲ್ಲಿ ಸೇರಿಕೊಂಡ 42 ಮಂದಿ ಅದರಲ್ಲಿದ್ದರು. ಅವರ ಬಲದಿಂದ ಅದು ಬೇರಿಂಗ್ ಸಮುದ್ರಕ್ಕೆ ಹೋಗಿ ಉತ್ತರ ಅಮೆರಿಕನ್ನರ ತಿಮಿಂಗಿಲ ಬೇಟೆ ಹಡಗುಗಳನ್ನು ಸುಟ್ಟಿತು; ಅದೂ ಬಹುಮಟ್ಟಿಗೆ ಯುದ್ಧ ಮುಗಿದ ಮೇಲೆ.

ಬಿಲ್ಲು ಏಳು ವರ್ಷದ ನಂತರ ಬಂತು. 1872ರಲ್ಲಿ ಜಿನೀವಾದ ಪಂಚಾಯ್ತಿ ಬ್ರಿಟನ್ 1.55 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. 'ಅಲಬಾಮಾ' ಮುಂತಾದ ಹಡಗುಗಳ ಹಾವಳಿಯ ಜೊತೆಗೆ ಶೆನಾಂಡೋವಾ ಮೆಲ್ಬರ್ನ್ ಬಿಟ್ಟ ಮೇಲೆ ಮಾಡಿದ ನಷ್ಟವೂ ಆ ಲೆಕ್ಕದಲ್ಲಿತ್ತು. ಇದನ್ನು ಯಾವ ತೋಪು ತಡೆಯುತ್ತಿತ್ತು? ಹಡಗು ರಿಪೇರಿಗೆ ನಿಂತಿದ್ದ ವಿಲಿಯಮ್ಸ್‌ಟೌನಿನಲ್ಲೇ ತೋಪುಗಳಿದ್ದವು. ಬೇಕಾಗಿದ್ದದ್ದು ಕಾನೂನು ನಡೆಸುವ ಗಟ್ಟಿತನ. ಆದರೆ ವಸಾಹತು ಕಲಿತ ಪಾಠ ಬೇರೆ: ಒಂದೇ ಒಂದು ಪರದೇಶಿ ಹಡಗು ನಮ್ಮ ಮುಂದೆ ಹೀಗೆ ನಿಲ್ಲಬಹುದಾದರೆ ನಮಗೊಂದು ದೊಡ್ಡ ಹಡಗು ಬೇಕು.

1866ರಲ್ಲಿ ಖಜಾನೆ ಸಚಿವ ಜಾರ್ಜ್ ವರ್ಡನ್ ಲಂಡನ್ನಿಗೆ ಹೋಗಿ ಚೌಕಾಸಿ ಮಾಡಿದ. ಚೆನ್ನಾಗಿಯೇ ಮಾಡಿದ ಎನ್ನಬೇಕು: 1,25,000 ಪೌಂಡಿನ ಹಡಗಿಗೆ ವಿಕ್ಟೋರಿಯಾ ಕೊಟ್ಟದ್ದು 25,000 ಪೌಂಡು, ಉಳಿದ ಒಂದು ಲಕ್ಷ ಬ್ರಿಟಿಷ್ ಖಜಾನೆಯದು. ತರಬೇತಿಗೆಂದು 'ನೆಲ್ಸನ್' ಎಂಬ (ಕಳ್ಳರು ದೋಚಿದ್ದಲ್ಲ, ಬೇರೆಯದೇ) ಹಳೆಯ ಮರದ ಯುದ್ಧನೌಕೆಯೂ ಜೊತೆಗೆ ಸಿಕ್ಕಿತು. 1814ರಲ್ಲಿ ನೀರಿಗಿಳಿದ ಮುದುಕ ಹಡಗದು. ಹೊಸದರ ಹೆಸರು ಸೆರ್ಬರಸ್, ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿ.

ಎಡ್ವರ್ಡ್ ರೀಡ್ ವಿನ್ಯಾಸ ಮಾಡಿ, ಟೈನ್ ನದಿಯ ದಡದ ಜಾರೋದಲ್ಲಿ ಪಾಮರ್ ಕಂಪನಿ ಕಟ್ಟಿದ ಈ ಹಡಗು ಆ ಕಾಲಕ್ಕೆ ವಿಚಿತ್ರ ಪ್ರಾಣಿ. ಹಾಯಿ ಇಲ್ಲ, ಉಗಿಯಂತ್ರ ಮಾತ್ರ. ಮುಂದೊಂದು, ಹಿಂದೊಂದು ತಿರುಗುವ ಗೋಪುರ. ಒಂದೊಂದರಲ್ಲಿ ಎರಡೆರಡು ಹತ್ತಂಗುಲದ ತೋಪು, ಒಂದೊಂದು ತೋಪಿನ ತೂಕ 18 ಟನ್. ಹಾಯಿಕಂಬ, ಹಗ್ಗಗಳ ಅಡ್ಡಿಯಿಲ್ಲದೆ ಯಾವ ದಿಕ್ಕಿಗೂ ತಿರುಗಿ ಹೊಡೆಯುವ ಅನುಕೂಲ. ಗೋಪುರಕ್ಕೆ ಒಂಬತ್ತು-ಹತ್ತು ಅಂಗುಲ ದಪ್ಪದ ಕಬ್ಬಿಣದ ಕವಚ. ಹಡಗಿನ ಒಡಲು ನೀರಿನ ಮೇಲೆ ಒಂದು ಮೀಟರಿನಷ್ಟು ಕಂಡರೆ ಹೆಚ್ಚು. ಕಾಳಗದ ಹೊತ್ತಿಗೆ ತೊಟ್ಟಿಗಳಿಗೆ ನೀರು ತುಂಬಿ ಇನ್ನೂ ತಗ್ಗಿಸಬಹುದಿತ್ತು. ಗುರಿಯಿಡಲು ಶತ್ರುವಿಗೆ ಏನೂ ಕಾಣಬಾರದು ಎಂಬುದು ಲೆಕ್ಕಾಚಾರ. ವೇಗ ಹತ್ತು ನಾಟ್ ದಾಟುವುದಿಲ್ಲ, ಆದರೆ ಮರಳದಿಣ್ಣೆಗಳ ನಡುವಿನ ಓಣಿ ಕಾಯಲು ವೇಗ ಯಾರಿಗೆ ಬೇಕು? ಮುಂದೆ ಅರ್ಧ ಶತಮಾನ ಲೋಕದ ದೊಡ್ಡ ಯುದ್ಧನೌಕೆಗಳೆಲ್ಲ ಹಿಡಿದ ರೂಪ, ಅಂದರೆ ನಡುವೆ ಮೇಲ್ಕಟ್ಟು, ಹಿಂದೆ ಮುಂದೆ ತೋಪಿನ ಗೋಪುರ, ಮೊದಲು ಕಂಡದ್ದು ಈ ಬಂದರು ಕಾಯುವ ಹಡಗಿನಲ್ಲಿ. ಇದನ್ನು ಹೊಗಳಿಕೆಗೆ ಹೇಳುತ್ತಿಲ್ಲ, ಹಡಗು ಎಂಜಿನಿಯರಿಂಗ್ ಇತಿಹಾಸದಲ್ಲಿ ಅದರ ಜಾಗ ಅದು.

ಅದನ್ನು ಮೆಲ್ಬರ್ನಿಗೆ ತಂದದ್ದೇ ಒಂದು ಸಾಹಸ. ತಗ್ಗು ಒಡಲಿನ ಹಡಗು ಮಹಾಸಾಗರ ದಾಟಬೇಕೆಂದು ಪಕ್ಕಗಳಿಗೆ ತಾತ್ಕಾಲಿಕ ಗೋಡೆ ಎಬ್ಬಿಸಿ, ಮೂರು ಹಾಯಿಕಂಬ ನೆಟ್ಟರು. ಹೊರಡುವ ಸಿದ್ಧತೆ ನಡೆದಿರುವಾಗಲೇ, 1870ರ ಸೆಪ್ಟೆಂಬರ್ 7ರಂದು 'ಕ್ಯಾಪ್ಟನ್' ಎಂಬ ಇನ್ನೊಂದು ಗೋಪುರ-ನೌಕೆ ಸ್ಪೇನಿನ ಬಳಿ ಬಿರುಗಾಳಿಗೆ ಮಗುಚಿ ಐನೂರರ ಹತ್ತಿರ ಜನ ಸತ್ತರು. ಸೆರ್ಬರಸ್ ಏರಬೇಕಾದ ನಾವಿಕರ ಮನಸ್ಸು ಹೇಗಿದ್ದಿರಬೇಕೆಂದು ಊಹಿಸಿಕೊಳ್ಳಬಹುದು. ಕ್ಯಾಪ್ಟನ್ ಪ್ಯಾಂಟರ್ ಹೊಸದಾಗಿ ತೆರೆದಿದ್ದ ಸೂಯೆಜ್ ಕಾಲುವೆಯ ದಾರಿಯಲ್ಲಿ ಅದನ್ನು ತಂದು 1871ರ ಏಪ್ರಿಲ್ 9ರಂದು ರಿಪ್ ದಾಟಿಸಿದ. ಆಮೇಲೆ ಸೆರ್ಬರಸ್ ಆ ಕೊಲ್ಲಿ ಬಿಟ್ಟು ಹೊರಗೆ ಹೋಗಲೇ ಇಲ್ಲ.

ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಬರುತ್ತದೆ. ಸೆರ್ಬರಸ್‌ಗೆ ಒಂದು ಜೋಡಿ ಹಡಗಿತ್ತು, ಹೆಸರು ಮಗ್ದಲಾ. ಅದೇ ಜಾತಿಯ ಸ್ವಲ್ಪ ಚಿಕ್ಕ ಹಡಗು ಅಬಿಸೀನಿಯಾ. ಎರಡೂ ಮುಂಬಯಿ ಬಂದರಿನ ಕಾವಲಿಗೆ ಬಂದವು. ಮುಂಬಯಿಯಿಂದಲೇ ಹೊರಟ 1868ರ ಇಥಿಯೋಪಿಯಾ ದಂಡಯಾತ್ರೆಯ ನೆನಪಿಗೆ ಆ ಹೆಸರುಗಳು. ಮೆಲ್ಬರ್ನಿನಲ್ಲಿ ಹಡಗು ಬೇಕೇ ಬೇಡವೇ, ಎಷ್ಟು ಕೊಡಬೇಕು ಎಂದು ಚುನಾಯಿತ ಶಾಸನಸಭೆ ವಾದಿಸಿತು, ಸಚಿವ ಹೋಗಿ ಚೌಕಾಸಿ ಮಾಡಿದ, ಐದರಲ್ಲಿ ನಾಲ್ಕು ಪಾಲು ಲಂಡನ್ ಕೊಟ್ಟಿತು. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಂದಾಯ ಕಟ್ಟುವವರನ್ನು ಮಗ್ದಲಾ ಬೇಕೇ ಎಂದು ಯಾರೂ ಕೇಳಲಿಲ್ಲ. ಕೇಳಲು ಅಂಥ ಸಭೆಯೇ ಇರಲಿಲ್ಲ. ಒಂದೇ ನಕ್ಷೆಯ ಎರಡು ಹಡಗು, ಸಾಮ್ರಾಜ್ಯದ ಎರಡು ಬಗೆಯ ಪ್ರಜೆಗಳು.

1870ರಲ್ಲಿ ಬ್ರಿಟಿಷ್ ಸೇನೆ ತನ್ನ ಕೊನೆಯ ದಂಡುಗಳನ್ನು ಆಸ್ಟ್ರೇಲಿಯಾದಿಂದ ಹಿಂದಕ್ಕೆ ಕರೆಸಿಕೊಂಡಿತು. ನಿಮ್ಮ ನೆಲವನ್ನು ನೀವೇ ಕಾಯ್ದುಕೊಳ್ಳಿ, ಕಡಲನ್ನು ನಾವು ನೋಡಿಕೊಳ್ಳುತ್ತೇವೆ ಎಂಬುದು ಅದರ ತಾತ್ಪರ್ಯ. ನಿಜವಾದ ಯೋಜನೆ ಶುರುವಾದದ್ದು ಆಗ. 1877ರಲ್ಲಿ ವಸಾಹತುಗಳು ಇಬ್ಬರು ಎಂಜಿನಿಯರುಗಳ ಸಲಹೆ ಕೇಳಿದವು. ಸರ್ ವಿಲಿಯಂ ಜಾರ್ವಿಸ್ ಇಂಗ್ಲೆಂಡಿನ ಬಂದರುಗಳ ಕೋಟೆ ಯೋಜನೆಗೆ ಕಾರಣವಾದ 1859ರ ರಾಯಲ್ ಆಯೋಗದ ಕಾರ್ಯದರ್ಶಿಯಾಗಿದ್ದವನು. 1870ರ ದಶಕದ ಆರಂಭದಲ್ಲಿ ಏಡನ್, ಮುಂಬಯಿ, ರಂಗೂನ್ ಬಂದರುಗಳನ್ನೂ ನೋಡಿ ವರದಿ ಕೊಟ್ಟಿದ್ದ. ಪೀಟರ್ ಸ್ಕ್ರಾಚ್ಲಿ ಕ್ರಿಮಿಯಾದಲ್ಲಿ, ಆಮೇಲೆ 1857ರ ಬಂಡಾಯದ ಕಾಲದಲ್ಲಿ ನಮ್ಮ ದೇಶದಲ್ಲಿ ಸೈನಿಕನಾಗಿದ್ದು, 1860ರ ದಶಕದಲ್ಲೇ ವಿಕ್ಟೋರಿಯಾದಲ್ಲಿ ಕೆಲಸ ಮಾಡಿದ್ದ. ಇಬ್ಬರೂ ಹೇಳಿದ್ದು ಸರಳ: ನಗರದ ಮುಂದೆ ಕಾಯಬೇಡಿ, ಬಾಯಿಯಲ್ಲಿ ಕಾಯಿರಿ. ಬಂಡೆ, ಮರಳದಿಣ್ಣೆ, ಓಣಿ, ಎಲ್ಲವನ್ನೂ ಕೋಟೆಯ ಭಾಗ ಮಾಡಿಕೊಳ್ಳಿ.

ಹೀಗೆ ಹತ್ತು-ಹನ್ನೆರಡು ವರ್ಷದಲ್ಲಿ ಕೊಲ್ಲಿಯ ಬಾಯಿ ಸುತ್ತ ಒಂದು ಸರಪಳಿ ಎದ್ದಿತು. ಪಶ್ಚಿಮಕ್ಕೆ ಕ್ವೀನ್ಸ್‌ಕ್ಲಿಫ್ ಕೋಟೆ, ಅದರ ಪಕ್ಕ ಸ್ವಾನ್ ಐಲ್ಯಾಂಡ್. ಪೂರ್ವಕ್ಕೆ ನೇಪಿಯನ್, ಈಗಲ್ಸ್ ನೆಸ್ಟ್, ಪೋರ್ಟ್‌ಸೀ ಬಳಿಯ ಫ್ರಾಂಕ್ಲಿನ್. ನಡುನೀರಿನಲ್ಲಿ ಮನುಷ್ಯರೇ ಮಾಡಿದ ಸೌತ್ ಚಾನಲ್ ದ್ವೀಪ. 1879ರಿಂದ 1888ರವರೆಗೆ 14,000 ಟನ್ ಕರಿಗಲ್ಲನ್ನು ಮರಳದಿಣ್ಣೆಯ ಮೇಲೆ ಸುರಿದು ಎಬ್ಬಿಸಿದ, ಎರಡು ಎಕರೆಗಿಂತ ಸ್ವಲ್ಪ ಚಿಕ್ಕ ನೆಲ ಅದು. ದೊಡ್ಡ ಹಡಗುಗಳು ಹಿಡಿಯಲೇಬೇಕಾದ ಓಣಿಯಲ್ಲಿ ಮೈನುಗಳನ್ನು ಮುಳುಗಿಸಿಟ್ಟು, ತಂತಿಯ ಮೂಲಕ ವಿದ್ಯುತ್ ಹರಿಸಿ ದಡದಿಂದಲೇ ಸಿಡಿಸುವ ಏರ್ಪಾಟು. ರಾತ್ರಿ ಆ ನೀರಿನ ಮೇಲೆ ಬೆಳಕು ಚೆಲ್ಲಿ, ಮೈನುಗಳನ್ನು ತೆಗೆಯಲು ಬಂದ ದೋಣಿಗಳನ್ನು ಹೊಡೆಯುವುದು ದ್ವೀಪದ ಕೆಲಸ. ಒಂದೊಂದು ಅಂಗವೂ ಇನ್ನೊಂದರ ದೌರ್ಬಲ್ಯ ಮುಚ್ಚುವಂತೆ ಯೋಚಿಸಿದ್ದು ಜಾಣತನ. ಈ ಸರಪಳಿಯ ಒಂದು ಕೊಂಡಿಯಾದ 'ಪೋಪ್ಸ್ ಐ' ಅರ್ಧಕ್ಕೇ ನಿಂತಿತು. ಕುದುರೆಲಾಳದ ಆಕಾರದಲ್ಲಿ ಕಲ್ಲು ಸುರಿದಾಗಿತ್ತು. ಅಷ್ಟರಲ್ಲಿ ದಡದ ತೋಪುಗಳ ಹೊಡೆತದ ದೂರ ಹೆಚ್ಚಿ, ನಡುನೀರಿನ ಆ ಕೋಟೆ ಬೇಡವಾಯಿತು. ಬೇಡ ಎಂದು ಗೊತ್ತಾದ ಕೂಡಲೇ ಕೈಬಿಟ್ಟ ಸರ್ಕಾರಿ ಕಾಮಗಾರಿಗಳು ಎಲ್ಲ ಕಾಲಕ್ಕೂ ಅಪರೂಪವೇ.

ಈ ಕೋಟೆಗಳಲ್ಲಿ ನೋಡಲೇಬೇಕಾದದ್ದು ಮಾಯವಾಗುವ ತೋಪು. ನೆಲಮಟ್ಟಕ್ಕಿಂತ ಕೆಳಗೆ ದುಂಡನೆಯ ಕಾಂಕ್ರೀಟ್ ಗುಂಡಿ. ತೋಪು ಅದರೊಳಗೆ ಮಲಗಿರುತ್ತದೆ; ಸೈನಿಕರು ಅಡಗಿದ್ದಲ್ಲೇ ಮದ್ದು, ಗುಂಡು ತುಂಬುತ್ತಾರೆ. ಸಿಲಿಂಡರಿನಲ್ಲಿ ಒತ್ತಿಟ್ಟ ಗಾಳಿಯನ್ನು ಬಿಟ್ಟರೆ ಎರಡು ದಪ್ಪ ತೋಳುಗಳು ತೋಪನ್ನು ಗೋಡೆಯ ಮೇಲಕ್ಕೆ ಎತ್ತುತ್ತವೆ. ಹೊಡೆದ ಕ್ಷಣ ಹಿಮ್ಮೆಟ್ಟುವ ರಭಸವೇ ಅದನ್ನು ಮತ್ತೆ ಗುಂಡಿಗೆ ತಳ್ಳುತ್ತದೆ, ಅದೇ ರಭಸ ಗಾಳಿಯನ್ನು ಮುಂದಿನ ಸುತ್ತಿಗೆ ಒತ್ತಿಡುತ್ತದೆ. ಸಮುದ್ರದಲ್ಲಿದ್ದವನಿಗೆ ತೋಪು ಕಾಣುವುದು ಕೆಲವೇ ಸೆಕೆಂಡು. ಯಂತ್ರವಾಗಿ ಇದು ಸೊಗಸು. ಯುದ್ಧದ ಸಾಧನವಾಗಿ ಅಷ್ಟಕ್ಕಷ್ಟೆ: ಒಂದೊಂದು ಹೊಡೆತಕ್ಕೂ ಹೊತ್ತು ಹಿಡಿಯುತ್ತಿತ್ತು, ತೂಗಾಡುವ ಹಡಗಿನಿಂದ ಅಷ್ಟು ಸಣ್ಣ ಗುರಿಗೆ ಗುಂಡು ತಾಗಿಸುವುದು ಹೇಗೂ ಕಷ್ಟವೇ ಆಗಿತ್ತು. ಹೀಗಾಗಿ 20ನೇ ಶತಮಾನದ ಆರಂಭದಲ್ಲಿ ಅವನ್ನು ಕಿತ್ತು ಬಯಲಿನಲ್ಲೇ ನಿಲ್ಲುವ, ಬೇಗ ಬೇಗ ಹೊಡೆಯುವ ಆರಂಗುಲದ ತೋಪುಗಳನ್ನು ಕೂರಿಸಿದರು.

ಮೈನುಗಳ ಲೆಕ್ಕಕ್ಕೆ ಸೇರುವ ಸಾವುಗಳು ಮಾತ್ರ ಶತ್ರುವಿನವಲ್ಲ. 1881ರ ಮಾರ್ಚಿನಲ್ಲಿ ಕ್ವೀನ್ಸ್‌ಕ್ಲಿಫ್ ಬಳಿ ಅಭ್ಯಾಸದ ಹೊತ್ತಿನಲ್ಲಿ ಮೈನೊಂದು ಸಿಡಿದು ಸೆರ್ಬರಸ್‌ನ ದೋಣಿಯಲ್ಲಿದ್ದ ಐವರು ಸತ್ತರು.

ರಷ್ಯನ್ನರು ಬಂದರೇ? ಬಂದರು, ಊಟಕ್ಕೆ. 1882ರಲ್ಲಿ ರಿಯರ್ ಅಡ್ಮಿರಲ್ ಅಸ್ಲಾನ್‌ಬೆಗೊವ್‌ನ 'ಅಫ್ರಿಕಾ' ನೌಕೆ ಮೆಲ್ಬರ್ನಿಗೆ ಭೇಟಿ ಕೊಟ್ಟಿತು, ಸ್ವಾಗತವೂ ಆಯಿತು. ಊರಿನ ಪತ್ರಿಕೆಯೊಂದು ಇವರು ಗೂಢಚಾರಿಕೆಗೆ ಬಂದವರು ಎಂದು ಬರೆದು ಅಡ್ಮಿರಲ್‌ನ ಕೋಪಕ್ಕೆ ಗುರಿಯಾಯಿತು. 1885ರಲ್ಲಿ ಅಫ್ಘಾನಿಸ್ತಾನದ ಪಂಜ್‌ದೆಹ್ ಬಳಿ ರಷ್ಯಾ ಮತ್ತು ಬ್ರಿಟನ್ ಕಾಲುಕೆರೆದು ನಿಂತಾಗ ಪೋರ್ಟ್ ಫಿಲಿಪ್‌ನಲ್ಲಿ ಮತ್ತೆ ಗಾಬರಿ, ಮತ್ತಷ್ಟು ತೋಪು, ಮತ್ತಷ್ಟು ಹಣ. ದಕ್ಷಿಣ ಗೋಲಾರ್ಧದ ಅತ್ಯಂತ ಭದ್ರ ಬಂದರುಗಳಲ್ಲಿ ಒಂದು ಎಂಬ ಖ್ಯಾತಿ ಬಂದದ್ದು ಈ ದಶಕದಲ್ಲಿ. ಆಮೇಲೆ 1893ರ ಬ್ಯಾಂಕುಗಳ ಕುಸಿತ. ಶತ್ರುವಿಗೆ ಆಗದ ಕೆಲಸವನ್ನು ಭೂಮಿ ಜೂಜು ಮಾಡಿತು. ಸೇನೆಗೆ, ನೌಕೆಗಳಿಗೆ ಹಣವೇ ಇಲ್ಲವಾಯಿತು. ಅಷ್ಟಾದರೂ 1900ರಲ್ಲಿ ಚೀನಾದ ಬಾಕ್ಸರ್ ದಂಗೆ ಹತ್ತಿಕ್ಕಲು ಈ ಪುಟ್ಟ ನೌಕಾಪಡೆಯಿಂದ 200 ಮಂದಿ ಹೋದರು. ತಮ್ಮ ಬಾಗಿಲು ಕಾಯಲೆಂದು ತಯಾರಾದವರು ಇನ್ನೊಬ್ಬರ ಬಾಗಿಲು ಒಡೆಯುವ ಕೆಲಸಕ್ಕೆ ಹೋದದ್ದು ಆ ಸಾಮ್ರಾಜ್ಯದ ರೀತಿ. 1901ರಲ್ಲಿ ವಸಾಹತುಗಳು ಒಂದಾಗಿ ಕೋಟೆ, ಹಡಗು ಎಲ್ಲವೂ ಹೊಸ ಆಸ್ಟ್ರೇಲಿಯಾ ಸರ್ಕಾರದ ಕೈಗೆ ಬಂದವು.

ಇನ್ನು 1914ರ ಗುಂಡು. ಲಂಡನ್ನಿನಲ್ಲಿ ಆಗಸ್ಟ್ 4ರ ರಾತ್ರಿ 11ಕ್ಕೆ ಯುದ್ಧ ಶುರುವಾದಾಗ ಮೆಲ್ಬರ್ನಿನಲ್ಲಿ 5ರ ಬೆಳಗಿನ 9 ಗಂಟೆ. 'ಫಾಲ್ಟ್ಸ್' ಎಂಬ ಜರ್ಮನ್ ಸರಕು ಹಡಗು ಆಗಲೇ ಬಂದರು ಬಿಟ್ಟು ರಿಪ್ ಕಡೆಗೆ ಹೊರಟಿತ್ತು. ಸುದ್ದಿ ತಂತಿಯಲ್ಲಿ ಬಂದು ಕೋಟೆ ತಲುಪುವ ಹೊತ್ತಿಗೆ ಮಧ್ಯಾಹ್ನ. 12.45ಕ್ಕೆ ನೇಪಿಯನ್‌ನ ಆರಂಗುಲದ ತೋಪು ಹಡಗಿನ ಮುಂದಕ್ಕೆ ಹೊಡೆಯಿತು. ಹಡಗಿನ ಮೇಲೆ ಜರ್ಮನ್ ಕ್ಯಾಪ್ಟನ್‌ಗೂ ಸ್ಥಳೀಯ ಪೈಲಟ್ ರಾಬಿನ್ಸನ್‌ಗೂ ಚುಕ್ಕಾಣಿಗಾಗಿ ಜಗ್ಗಾಟವಾಗಿ, ಕೊನೆಗೆ ಹಡಗು ತಿರುಗಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಮೊದಲ ಗುಂಡು ಇದು ಎಂದು ಆಸ್ಟ್ರೇಲಿಯನ್ನರು ಹೆಮ್ಮೆಯಿಂದ ಹೇಳುತ್ತಾರೆ. ಹಡಗು 'ಬೂರಾರಾ' ಎಂದು ಹೆಸರು ಬದಲಿಸಿಕೊಂಡು ಆಸ್ಟ್ರೇಲಿಯಾದ ಸೈನಿಕರನ್ನೇ ಹೊತ್ತು ತಿರುಗಿತು. ಕೋಟೆಯ ಗೆಲುವು ಎಂದು ಏನನ್ನಾದರೂ ಬರೆದುಕೊಳ್ಳುವುದಾದರೆ ಇದೊಂದೇ, ಅದರಲ್ಲಿ ತೋಪಿನಷ್ಟೇ ಪಾಲು ತಂತಿಯದು. 1939ರ ಸೆಪ್ಟೆಂಬರ್ 4ರ ನಡುರಾತ್ರಿ ಕಳೆದ ಮೇಲೆ ಅದೇ ಕೋಟೆ 'ವೊನಿಯೋರಾ' ಎಂಬ ಸ್ವದೇಶಿ ಸರಕು ಹಡಗನ್ನು ಹೆದರಿಸಿತು.

ನಿಜವಾದ ಶತ್ರು ಬಂದಾಗ ಬಾಗಿಲ ಕಡೆ ತಿರುಗಿಯೂ ನೋಡಲಿಲ್ಲ. 1940ರಲ್ಲಿ ಜರ್ಮನ್ನರು ಬಾಸ್ ಜಲಸಂಧಿಯಲ್ಲಿ, ಕೋಟೆಯ ತೋಪಿಗೆ ಎಟುಕದಷ್ಟು ದೂರದಲ್ಲಿ ಮೈನು ಬಿತ್ತಿ ಹೋದರು. ನವೆಂಬರಿನ ಎರಡೇ ದಿನಗಳಲ್ಲಿ 'ಕೇಂಬ್ರಿಜ್' ಮತ್ತು 'ಸಿಟಿ ಆಫ್ ರೇವಿಲ್' ಹಡಗುಗಳು ಮುಳುಗಿದವು. 1942ರ ಫೆಬ್ರವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯಿಂದ ಎದ್ದ ಒಂದು ಪುಟ್ಟ ವಿಮಾನ ಮೆಲ್ಬರ್ನಿನ ಮೇಲೆಯೇ ಹಾರಿ ನೋಡಿಕೊಂಡು ಹೋಯಿತು. ಹಾಗೆಂದು ಸ್ಕ್ರಾಚ್ಲಿಯ ಕಾಲದ ಕೋಟೆಗಳೆಲ್ಲ ಹುಸಿ ಎನ್ನುವಂತೆಯೂ ಇಲ್ಲ. ಅದೇ ವರ್ಷ ಜೂನ್ 8ರಂದು ನ್ಯೂಕ್ಯಾಸಲ್ ಬಂದರಿನ ಮೇಲೆ ಗುಂಡು ಸುರಿದ ಜಪಾನಿ ಜಲಾಂತರ್ಗಾಮಿಗೆ ತಿರುಗಿ ಹೊಡೆದದ್ದು ಅವನದೇ ಹೆಸರಿನ ಕೋಟೆ. ತಾನು ವಿನ್ಯಾಸ ಮಾಡಿದ ಜಾಗ ಅರವತ್ತು ವರ್ಷದ ಮೇಲೆ ಕೆಲಸಕ್ಕೆ ಬಂದದ್ದನ್ನು ನೋಡಲು ಅವನಿರಲಿಲ್ಲ. ನ್ಯೂಗಿನಿಯಿಂದ ಮರಳುವಾಗ 1885ರಲ್ಲೇ ಹಡಗಿನಲ್ಲಿ ತೀರಿಕೊಂಡಿದ್ದ.

ಕೋಟೆಗಳು ಇದ್ದದ್ದರಿಂದಲೇ ಯಾರೂ ಬರಲಿಲ್ಲವೇ? ಈ ವಾದವನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಸೇನಾ ಬಜೆಟ್ಟಿನ ಸಮರ್ಥಕರಿಗೆ ಅದು ಅಚ್ಚುಮೆಚ್ಚು ಆಗಿರುವುದೂ ಆ ಕಾರಣಕ್ಕೇ. ಸಾಧಿಸಬಹುದಾದದ್ದು ಇನ್ನೊಂದಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಸೇನೆಯ ಬೇಲಿಯೊಳಗೆ ಇದ್ದುದರಿಂದ ನೇಪಿಯನ್ ಭೂಶಿರ ಬಂಗಲೆಗಳ ಪಾಲಾಗಲಿಲ್ಲ. ಪಕ್ಕದ ಪೋರ್ಟ್‌ಸೀ, ಸೊರೆಂಟೊಗಳಲ್ಲಿ ಶ್ರೀಮಂತರ ಬೇಸಿಗೆ ಮನೆಗಳ ಸಾಲು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. 1967ರಲ್ಲಿ ಪ್ರಧಾನಿ ಹೆರಾಲ್ಡ್ ಹೋಲ್ಟ್ ಈಜಲು ಇಳಿದು ಕಾಣೆಯಾದ ಶೆವಿಯಟ್ ಕಡಲತೀರ ಕೂಡ ಆ ಬೇಲಿಯೊಳಗೇ ಇತ್ತು. ಜನರಿಗೆ ಭೂಶಿರದ ಬಾಗಿಲು ತೆರೆದದ್ದು 1988ರಲ್ಲಿ. 2000ದ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರ ಉಳಿದ ಜಾಗವನ್ನು ಖಾಸಗಿಯವರಿಗೆ ಕೊಡಲು ಹೊರಟಾಗ ಊರಿನವರು ಬೀದಿಗಿಳಿದರು. 2009ರಲ್ಲಿ ಅದು ರಾಜ್ಯದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಅಲ್ಲಿನ ಮೂಲನಿವಾಸಿಗಳಾದ ಬೂನ್‌ವುರಂಗ್ ಜನರ ಹೆಸರನ್ನು ಫಲಕಗಳಲ್ಲಿ ಬರೆಯುವ ಸೌಜನ್ಯ ಬಂದದ್ದು ಇನ್ನೂ ತಡವಾಗಿ. ಸೌತ್ ಚಾನಲ್ ದ್ವೀಪದಲ್ಲಿ ಈಗ ಪುಟ್ಟ ಪೆಂಗ್ವಿನ್‌ಗಳೂ ಕಡಲಹಕ್ಕಿಗಳೂ ಗೂಡು ಮಾಡುತ್ತವೆ, ಪೋಪ್ಸ್ ಐ ಕಡಲಜೀವಿಗಳ ರಕ್ಷಿತ ತಾಣ. ಕ್ವೀನ್ಸ್‌ಕ್ಲಿಫ್ ಕೋಟೆಯನ್ನು ಸೇನೆ ಚೆನ್ನಾಗಿಯೇ ಇಟ್ಟುಕೊಂಡಿದೆ. ಒಳಗೆ 1862ರ ಕಪ್ಪು ದೀಪಸ್ತಂಭವೂ ಇದೆ.

ಲೆಕ್ಕ ತಪ್ಪಿರುವುದು ಸೆರ್ಬರಸ್ ವಿಷಯದಲ್ಲಿ. ಮೊದಲ ಮಹಾಯುದ್ಧದಲ್ಲಿ ಮದ್ದಿನ ಉಗ್ರಾಣವಾಗಿ, ಆಮೇಲೆ ಜಲಾಂತರ್ಗಾಮಿಗಳ ಸೇವಾನೌಕೆಯಾಗಿ ದುಡಿದ ಹಡಗನ್ನು 1924ರಲ್ಲಿ 409 ಪೌಂಡಿಗೆ ಗುಜರಿಗೆ ಮಾರಿದರು. ಬಿಚ್ಚಿ ಮುಗಿದ ಮೇಲೆ ಉಳಿದ ಒಡಲನ್ನು ಸ್ಯಾಂಡ್ರಿಂಗ್‌ಹ್ಯಾಮ್ ಪುರಸಭೆ 150 ಪೌಂಡಿಗೆ ಕೊಂಡು, ಅಲೆತಡೆಯಾಗಲೆಂದು 1926ರ ಸೆಪ್ಟೆಂಬರ್ 26ರಂದು ಬ್ಲ್ಯಾಕ್ ರಾಕ್‌ನ ಹಾಫ್ ಮೂನ್ ಬೇಯಲ್ಲಿ ಮುಳುಗಿಸಿತು. 2026ಕ್ಕೆ ಅದಕ್ಕೆ ನೂರು ವರ್ಷ. 1993ರ ಡಿಸೆಂಬರಿನ ಬಿರುಗಾಳಿಗೆ ತುಕ್ಕು ತಿಂದ ಒಡಲು ಭಾರ ತಾಳದೆ ಕುಸಿಯಿತು. 2005ರಲ್ಲಿ, ಹೊರೆ ಕಡಿಮೆಯಾಗಲೆಂದು ನಾಲ್ಕೂ ತೋಪುಗಳನ್ನು ಗೋಪುರಗಳಿಂದ ತೆಗೆದು ಪಕ್ಕದ ಕಡಲತಳದಲ್ಲಿ ಇಟ್ಟರು. ಅದೇ ವರ್ಷ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿಸಿದರು. ಪಟ್ಟಿಗೆ ಸೇರಿಸಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ.

ಕೋಟೆಗಳನ್ನು ಉಳಿಸಿಕೊಂಡ ವಿಕ್ಟೋರಿಯಾ ಈ ಹಡಗಿಗೆ ಆಧಾರ ಕೊಡುವ ಕೆಲಸವನ್ನು ಪುರಸಭೆ, ರಾಜ್ಯ, ಕೇಂದ್ರ ಎಂದು ಮೂರು ಕಡೆ ದೂಡದೆ ಈಗಲೇ ಹಣ ಕೊಟ್ಟು ಮುಗಿಸಬೇಕು. ಮೆಲ್ಬರ್ನಿನಲ್ಲಿರುವ ನಮ್ಮವರು ಅಲ್ಲಿ ಮತ ಹಾಕುವವರಾಗಿದ್ದರೆ ತಮ್ಮ ಪ್ರತಿನಿಧಿಗೆ ಈ ಮಾತು ಒಂದು ಸಾಲು ಬರೆಯಬಹುದು. ಮುಂಬಯಿಯ ಮಗ್ದಲಾ ಮತ್ತು ಅಬಿಸೀನಿಯಾಗಳನ್ನು 20ನೇ ಶತಮಾನದ ಆರಂಭದಲ್ಲೇ ಗುಜರಿಗೆ ಮಾರಿಬಿಟ್ಟರು. ಆ ಜಾತಿಯ ಹಡಗುಗಳಲ್ಲಿ ಲೋಕದಲ್ಲಿ ಉಳಿದಿರುವುದು ಸೆರ್ಬರಸ್ ಒಂದೇ.